ಉಸ್ಮಾನ್ ಚಾಚಾ ಬಿಟ್ಟ ಮಾರ್ಜಿನ್

ನೋಡಿ ಗೆಳೆಯರೇ, ನಾನೇ ಮಾಡುವ ರೇಡಿಯೊದಲ್ಲಿ ನಾಳೆ ನಾವಿರುವ ಭಾಂಡುಪ್ ಚಾಳಿನ ಮನೆಮನೆಗೂ ಕ್ರಿಕೆಟ್ ಕಾಮೆಂಟರಿ ಕೇಳಿಸುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದೇನೆ. ಸರ್ಕಿಟ್ಟಿಗೆ ಇರುವುದು ತಾಮ್ರ ಅಂಟಿಸಿದ ಒಂದೇ ಒಂದು ತೆಳು ಬೋರ್ಡು. ಗರಗಸ ಹಾಕಿದರೆ ತಾಮ್ರ ಕಿತ್ತುಬಂದೀತು, ಬ್ಲೇಡಿನಲ್ಲಿ ಗೀರಿ ಮುರಿದರೆ ಬೋರ್ಡೇ ಸೀಳೀತು ಎಂದು ಎರಡು ದಿನ ಹೆದರಿ, ಇವತ್ತು ಕೆಳಗಿನ ಖೋಲಿಯ ಟೇಲರ್ ಉಸ್ಮಾನ್ ಚಾಚಾರ ಹತ್ತಿರ ದೊಡ್ಡ ಕತ್ತರಿ ಕೇಳಿದೆ.

"ಕತ್ರಿ ಕೊಡಂಗಿಲ್ಲ. ಅಳತಿ ಹೇಳು, ನಾನ ಕತ್ತರಸ್ತೀನಿ."

ರೇಡಿಯೊ ಡಬ್ಬಿಯ ಅಳತೆ ಹೇಳಿದೆ. ಕಚಕ್ಕನೆ ಕತ್ತರಿಸಿಕೊಟ್ಟರು, ಒಂದು ಬಿರುಕೂ ಇಲ್ಲ! ಆದರೆ ಬೋರ್ಡು ಡಬ್ಬಿಯೊಳಗೆ ಇಳಿಯಲಿಲ್ಲ. ಸುತ್ತಲೂ ಅರ್ಧ ಇಂಚು ಹೆಚ್ಚು.

"ಅಂಗಿಗೆ ಬಿಡೋಹಂಗ ಮಾರ್ಜಿನ್ ಬಿಟ್ಟೀನಿ ತಮ್ಮಾ. ನಾಳೆ ರೇಡಿಯೊ ದಪ್ಪ ಆದ್ರ?"

ಬೋರ್ಡು ಕತ್ತರಿಸಿ ಹರಿತ ಹೋಯಿತೆಂದು ಆ ಕತ್ತರಿ ಈಗ ಸಾಣೆಗೆ ಹೋಗಿದೆ. ಒಂದು ಸಲ ಕತ್ತರಿಸಲು ಹೆದರಿದ ನಾನು ಇನ್ನು ನಾಲ್ಕೂ ಬದಿ ಕತ್ತರಿಸಬೇಕು.