ಸೋಮವಾರಕ್ಕಷ್ಟೇ ಹೊಂದುತ್ತಿದ್ದ ಉಕ್ಕಿನ ಅಂಗಿ

ನಮ್ಮ ಮನೆಯವರು ಸುರಪುರದಲ್ಲಿ ಟ್ರಂಕು, ಅಲಮಾರಿ, ಜೋಳ ತುಂಬಿಡುವ ತಗಡಿನ ಡಬ್ಬಿ ಮಾಡುತ್ತಾರೆ. ಮನುಷ್ಯರ ಮೈಗೆ ತೊಡಿಸುವಂಥದ್ದನ್ನು ಅವರು ಮಾಡಿದ್ದು ಒಂದೇ ಒಂದು. ಅವರ ಅಪ್ಪನಿಗೆ, ಅಂದರೆ ನಮ್ಮ ಮಾವನವರಿಗೆ, ಮಾಡಿಕೊಟ್ಟ ಉಕ್ಕಿನ ಕವಚ.

ಮಾವನವರು ದೊಡ್ಡಾಟ ಆಡುವವರು. ಹೊಲದ ಕೆಲಸ ಮಾಡಿಕೊಂಡೇ, ಮೀಸೆ ಮೂಡಿದಾಗಿನಿಂದ ಸೇನಾಪತಿಯ ಪಾರ್ಟು ಕಟ್ಟುತ್ತ ಬಂದವರು. ಅವರ ಎದೆಗೆ ರಟ್ಟಿನ ಕವಚ, ರಟ್ಟಿನ ಮೇಲೆ ಬಂಗಾರದ ಬಣ್ಣದ ಕಾಗದ. ವರ್ಷಕ್ಕೊಮ್ಮೆ ಅದಕ್ಕೆ ಹೊಸ ಕಾಗದ ಅಂಟಿಸುವ ಕೆಲಸ ನಾನು ಸೊಸೆಯಾಗಿ ಬಂದಮೇಲೆ ನನ್ನ ಪಾಲಿಗೆ ಬಂತು. ದೂರದಿಂದ ನೋಡಿದವರಿಗೆ ಅದು ಬಂಗಾರವೇ. ಆದರೆ ಈಗ ದೂರ ಕೂತು ಆಟ ನೋಡುವವರು ಯಾರು? ಎಲ್ಲರ ಕೈಯಲ್ಲೂ ಮೊಬೈಲು. ಹತ್ತಿರದ ಊರು ಬೋನಾಳದಲ್ಲಿ ಆಟ ಮುಗಿದ ಮರುದಿನ ಯಾರೋ ಒಬ್ಬ ವಿಡಿಯೋ ತೋರಿಸಿ, ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿ, "ಅಜ್ಜಾ, ಸೇನಾಪತಿ ಎದಿಗೆ ಮಿಠಾಯಿ ಡಬ್ಬಿ ಕಟಗೊಂಡಂಗ ಕಾಣಸ್ತಾನ ನೋಡ್ರಿ" ಅಂದನಂತೆ. ಎಲ್ಲರೂ ನಕ್ಕರು. ಮಾವನವರೂ ನಕ್ಕರು. ಮನೆಗೆ ಬಂದು ಮಾತ್ರ ಚಾ ಕೂಡ ಕೇಳಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಯಾದಗಿರಿಯಿಂದ ಕರೆ ಬಂತು. ಕಾರ್ತಿಕದಲ್ಲಿ ಜಿಲ್ಲೆಯ ಕಲಾವಿದರನ್ನೆಲ್ಲ ಕೂಡಿಸುತ್ತಾರೆ, ನಿಮ್ಮ ಮೇಳಕ್ಕೂ ಒಂದು ತಾಸು, ಹಗಲು ಹೊತ್ತು ಅಂತ.

"ಹಗಲಾಗ ಕಾಗದ ಕಟಗೊಂಡು ನಿಂದ್ರಂಗಿಲ್ಲ," ಅಂದರು ಮಾವನವರು. "ಕಬ್ಬಿಣ ತೊಟ್ಟು ಹಾಡತೀನಿ. ಇಲ್ಲಂದ್ರ ಗೆಜ್ಜಿ ಬಿಚ್ಚಿ ಇಡತೀನಿ."

ಅತ್ತೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ತಲೆ ಎತ್ತಲಿಲ್ಲ. "ಈ ವಯಸ್ಸಿನ್ಯಾಗ ಯಾವ ಕ್ವಾಟಿ ಗೆಲ್ಲಾಕ ಹೊಂಟೀರಿ? ಎರಡ ಕೊಡ ನೀರ ತಂದ್ರ ಕಟ್ಟಿ ಮ್ಯಾಲ ಕುಂತು ತೇಕತೀರಿ."

"ನೀರ ತರೂದು ಬ್ಯಾರೆ, ಪದಾ ಹಾಡೂದು ಬ್ಯಾರೆ."

"ಹೌದೌದು. ನೀರ ತಂದ್ರ ಯಾರೂ ಚಪ್ಪಾಳಿ ತಟ್ಟಂಗಿಲ್ಲಲ್ಲ."

ಅತ್ತೆಯ ಮಾತಿನಲ್ಲಿ ಖರೆ ಇತ್ತು. ಮಾವನವರ ಉಸಿರು ಮೊದಲಿನ ಹಾಗಿರಲಿಲ್ಲ. ಮೇಳದವರು ಬೋನಾಳದ ಒಬ್ಬ ತರುಣನಿಗೆ ಸೇನಾಪತಿಯ ಪದಗಳನ್ನು ಕಲಿಸಿ ಇಟ್ಟಿದ್ದರು. ಟ್ರ್ಯಾಕ್ಟರ್ ಓಡಿಸುವವನು, ಒಳ್ಳೆಯ ಕಂಠ. ಯಾದಗಿರಿಯದೇ ತಮ್ಮ ಕಡೆಯ ಆಟ ಅನ್ನುವುದು ಮಾವನವರಿಗೆ ಗೊತ್ತಿತ್ತು, ನಮಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡಲಿಲ್ಲ. ಒಂದು ಸಲ ನಿಜವಾದ ಉಕ್ಕು ತೊಟ್ಟು, ಸೇನಾಪತಿ ರಂಗಕ್ಕೆ ಬರುವಾಗಿನ ಆ ಪದವನ್ನು ಕೊನೆಯ ಎಳೆತದ ತನಕ ಹಾಡಬೇಕು. ಅವರಿಗೆ ಬೇಕಾಗಿದ್ದು ಅಷ್ಟೇ.

ಸೋಮವಾರ ನಮ್ಮ ಅಂಗಡಿಗೆ ರಜೆ. ಹಾಗಾಗಿ ಕವಚದ ಕೆಲಸವೆಲ್ಲ ಸೋಮವಾರವೇ. ಶ್ರಾವಣದ ಒಂದು ಸೋಮವಾರ ಮನೆಯವರು ಸಿಮೆಂಟಿನ ಖಾಲಿ ಚೀಲ ಕತ್ತರಿಸಿ, ಅಪ್ಪನ ಎದೆಗೂ ಬೆನ್ನಿಗೂ ಹಿಡಿದು ಅಳತೆ ತೆಗೆದುಕೊಂಡರು. ಅದೇ ಆಕಾರಕ್ಕೆ ಅಲಮಾರಿಯ ತಗಡು ಕತ್ತರಿಸಿದರು. ಬೇವಿನ ದಿಮ್ಮಿಯಲ್ಲಿ ಬೋಗುಣಿಯಷ್ಟು ಗುಳಿ ತೋಡಿ, ಅದರ ಮೇಲೆ ತಗಡು ಇಟ್ಟು, ಉರುಟು ತಲೆಯ ಸುತ್ತಿಗೆಯಿಂದ ಬಡಿಯುತ್ತ ಬಡಿಯುತ್ತ ಎದೆಯ ಉಬ್ಬು ತಂದರು. ಮೈ ಕೊಯ್ಯಬಾರದೆಂದು ಟ್ರಂಕಿನ ಬಾಯಿಗೆ ಮಾಡುವಂತೆ ಅಂಚಿನೊಳಗೆ ತಂತಿ ಇಟ್ಟು ಮಡಚಿದರು. ಎದೆಯದೊಂದು ಹೋಳು, ಬೆನ್ನಿನದೊಂದು, ಎರಡನ್ನೂ ಪಕ್ಕೆಯಲ್ಲಿ ಹಿಡಿಯಲು ಕೊಂಡಿ. ಓಣಿಗೆಲ್ಲ ಸದ್ದು.

"ಏನ್ರೀ ಅಕ್ಕಾ, ನೀರ ಕಾಸೋ ಹಂಡೆ ಮಾಡಾಕತ್ತಾರೇನು?" ಅಂತ ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿದಳು.

"ಇಲ್ಲವಾ, ಸೇನಾಪತಿನ್ನ ಮಾಡಾಕತ್ತಾರ," ಅಂದೆ.

ಮೊದಲ ಸಲ ತೊಡಿಸಿದಾಗ ಮಾವನವರು "ಹಾ" ಅಂತ ಮುಖ ಕಿವುಚಿದರು. ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಅಳತೆಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ತಗಡು ಬಿಗಿದೊಡನೆ ಬೆಳ್ಳಿಯ ಕರಡಿಗೆ ಎದೆಗೂಡಿಗೆ ಒತ್ತಿತ್ತು. ದೀಕ್ಷೆಯಾದಾಗಿನಿಂದ ಲಿಂಗ ಮೈಬಿಟ್ಟು ಇದ್ದುದಿಲ್ಲ, ನಾಟಕಕ್ಕೆಂದು ತೆಗೆದಿಡುವ ಮಾತೇ ಇಲ್ಲ. ಮನೆಯವರು ಮತ್ತೆ ದಿಮ್ಮಿಯ ಮೇಲೆ ಇಟ್ಟು, ಎದೆಯ ನಟ್ಟನಡುವೆ ಒಂದು ಬಟ್ಟಲಿನಷ್ಟು ಜಾಗ ಬಡಿದರು. ಹೊರಗಿನಿಂದ ಅದು ಪದಕದಂತೆ ಕಂಡಿತು. ನೋಡಿದವರೆಲ್ಲ ಬೇಕೆಂದೇ ಮಾಡಿದ್ದು ಅಂದುಕೊಂಡರು. ಶಿವ ತನ್ನ ಜಾಗ ತಾನೇ ಮಾಡಿಕೊಂಡ ಅಂತ ನಾನು ಕೈ ಮುಗಿದೆ.

ಉಕ್ಕು ತೊಟ್ಟು ನಿಲ್ಲುವುದು ಏನೆಂದು ಆ ಸೋಮವಾರಗಳಲ್ಲಿ ನೋಡಿದೆ. ಚಿತ್ರದಲ್ಲಿನ ವೀರರು ಕತ್ತಿ ಎತ್ತಿ ನಿಂತಿರುತ್ತಾರಲ್ಲ, ಮಾವನವರಿಗೆ ಕೈ ಕಿವಿಯ ತನಕ ಎತ್ತಲು ಬರಲಿಲ್ಲ. ಕಂಕುಳಲ್ಲಿ ತಗಡು ಕಚ್ಚುತ್ತಿತ್ತು, ಅಲ್ಲಿ ಇನ್ನಷ್ಟು ಕತ್ತರಿಸಬೇಕಾಯಿತು. ಕೂತರೆ ಕೊರಳಿನ ಅಂಚು ಗದ್ದಕ್ಕೆ ಬಡಿಯುತ್ತಿತ್ತು. ಉಸಿರಾಡಿದರೆ ಹಳೆಯ ಬಾಗಿಲಿನ ಹಾಗೆ ಕಿರ್ ಅನ್ನುತ್ತಿತ್ತು, ಕೊಂಡಿಗಳಿಗೆ ಕುಸುಬೆ ಎಣ್ಣೆ ಬಿಟ್ಟೆವು. ಬೆವರಿಗೆ ಒಂದೇ ದಿನದಲ್ಲಿ ತುಕ್ಕು ಹಿಡಿದು ಬಿಳಿ ಅಂಗಿಗೆ ಕೆಂಪು ಕಲೆ. ಕವಚವನ್ನು ಬೂದಿ ಹಾಕಿ ತಿಕ್ಕಿ, ಎಣ್ಣೆ ಒರೆಸಿ, ಬಟ್ಟೆ ಸುತ್ತಿ ಇಡುವುದು ನನ್ನ ಕೆಲಸವಾಯಿತು. ತುರಿಕೆ ಬಂದರಂತೂ ದೇವರೇ ಗತಿ. ಒಮ್ಮೆ ಬೆನ್ನು ತುರಿಸಿ ಮಾವನವರು ಕಂಬಕ್ಕೆ ಒರಗಿ ಉಜ್ಜಿಕೊಂಡರು. ಕಬ್ಬಿಣಕ್ಕೆ ಕಂಬ ಉಜ್ಜಿದರೆ ಮೈಗೇನು ತಿಳಿದೀತು?

"ಏ ಇವಳ, ಒಂದು ಏನರೆ ಕೊಡು," ಅಂತ ಕೂಗಿದರು.

ಅತ್ತೆ ಸವಟಿನ ಹಿಡಿಕೆಯನ್ನು ಕೊರಳಿನ ಸಂದಿಯಿಂದ ಇಳಿಬಿಟ್ಟು ಕೆರೆದರು. "ಎಡಕ್ಕೋ ಬಲಕ್ಕೋ ಹೇಳ್ರಿ ಸೇನಾಪತಿ. ವೈರಿ ಎಲ್ಲಿ ಅಡಗ್ಯಾನ?"

ಭಾರವೆಲ್ಲ ಹೆಗಲಿನ ಮೇಲೇ ಬೀಳುತ್ತಿತ್ತು. ಬಿಚ್ಚಿದಾಗ ಎರಡೂ ಹೆಗಲಿಗೆ ಬಾಸುಂಡೆ. ದೂರದಿಂದ ನೀರು ಹೊತ್ತ ಹೆಂಗಸರಿಗೆ ಇದು ಗೊತ್ತು, ಟೊಂಕದ ಮೇಲೆ ಕೂತ ಕೊಡ ಹಗುರ. ನಾನು ಮನೆಯವರಿಗೆ ಹಾಗೇ ಹೇಳಿದೆ. ಅವರು ಕವಚದ ಕೆಳ ಅಂಚನ್ನು ಟೊಂಕಕ್ಕೆ ಕೂರುವಂತೆ ಬಗ್ಗಿಸಿದರು. ಒಳಗೆ ತೊಡಲು ನಾನು ಹಳೆಯ ಸೀರೆಗಳನ್ನು ಪದರ ಪದರ ಇಟ್ಟು, ಕೌದಿ ಹೊಲಿಗೆ ಹಾಕಿ, ತೋಳಿಲ್ಲದ ಒಂದು ದಪ್ಪ ಅಂಗಿ ಹೊಲಿದುಕೊಟ್ಟೆ. ಹೆಗಲಿಗೆ ಎರಡು ಪದರ ಹೆಚ್ಚು. ಬಾಸುಂಡೆ ನಿಂತವು. ಅದೂ ಒಂದು ದಯೆಯೇ.

ದಸರೆಯ ಹೊತ್ತಿಗೆ ಕವಚ ಮೈಗೇ ಹೊಲಿದಂತೆ ಕೂಡುತ್ತಿತ್ತು. ಸೋಮವಾರ ತೊಡಿಸುವುದು, ಕೊಂಡಿ ಹಾಕುವುದು, ಮಾವನವರು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿ ಪದ ಹಾಡುವುದು, ಬಿಚ್ಚುವುದು. ದನಿ ಗಂಟೆಯಂತೆ ಬರುತ್ತಿತ್ತು.

ಆಮೇಲೆ ಒಂದು ರವಿವಾರ ಬೋನಾಳದಲ್ಲಿ ಇಡೀ ಮೇಳದ ತಾಲೀಮು ಇಟ್ಟರು. ತಾಲೀಮಿಗೆ ಬಂದವರಿಗೆಲ್ಲ ಒಬ್ಬರ ಮನೆಯಲ್ಲಿ ಗೋಧಿ ಹುಗ್ಗಿಯ ಊಟ. ಊಟ ಮುಗಿದು ಕವಚ ತೊಡಿಸಿದರೆ ಕೊಂಡಿ ಸೇರುತ್ತಿಲ್ಲ. ಮನೆಯವರು ಮೊಣಕಾಲು ಕೊಟ್ಟು ಒತ್ತಿ ಹಾಕಿದರಂತೆ. ಮಾವನವರು ಪದ ಎತ್ತಿಕೊಂಡರು. ಎರಡನೆಯ ಸಾಲಿನ ನಡುವೆಯೇ ದನಿ ಹರಿಯಿತು. ಮತ್ತೆ ಎತ್ತಿದರು, ಮತ್ತೆ ಅಲ್ಲೇ ಹರಿಯಿತು. ಹಾರ್ಮೋನಿಯಂನವರು ಕೈ ನಿಲ್ಲಿಸಿದರು. ಆ ತರುಣ ಪಾಪ ನೆಲ ನೋಡುತ್ತ ಕೂತಿದ್ದನಂತೆ.

ಸಂಜೆ ಮನೆಗೆ ಬಂದವರೇ ಗೆಜ್ಜೆಯನ್ನು ನನ್ನ ಕೈಗೆ ಕೊಟ್ಟರು. "ದೇವರ ಜಗಲಿ ಮ್ಯಾಲ ಇಡವಾ. ನನ್ನ ದಮ್ಮು ಮುಗೀತು. ಆ ಹುಡುಗನ ಹಾಡಲಿ."

ಅತ್ತೆ ಅವತ್ತು ಚೇಷ್ಟೆ ಮಾಡಲಿಲ್ಲ. ಅದನ್ನು ನೋಡಿಯೇ ನನಗೆ ಹೆದರಿಕೆಯಾಯಿತು.

ಮನೆಯವರು ಕವಚವನ್ನು ತಿರುಗಿಸಿ ತಿರುಗಿಸಿ ನೋಡಿದರು. "ತಗಡ ಅಂದ್ರ ಕುಗ್ಗಂಗಿಲ್ಲ. ಆರ ದಿನದ ಹಿಂದ ಬರಾಬರಿ ಇತ್ತು," ಅಂತ ತಮ್ಮಷ್ಟಕ್ಕೆ ಅನ್ನುತ್ತ ಕೂತರು.

ಮರುದಿನ ಸೋಮವಾರ. ಮಾವನವರದು ವರ್ಷದ ಉದ್ದಕ್ಕೂ ಸೋಮವಾರ ಉಪವಾಸ. ದೀಪ ಹಚ್ಚಿ ಪೂಜೆ ಮುಗಿಯುವ ತನಕ ಒಂದು ಲೋಟ ಹಾಲು, ಅಷ್ಟೇ. ಸಂಜೆ ಪೂಜೆಯಾದಮೇಲೆ ನಾನು ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದೆ. ಮನಸ್ಸಿಗೆ ಬೇಜಾರಿದ್ದರೂ ಹಸಿವಿಗೆ ಬೇಜಾರಿಲ್ಲ, ಚೆನ್ನಾಗಿ ಉಂಡರು. ಉಂಡು ಎದ್ದು, ಎಂದಿನಂತೆ ಧೋತರದ ಗಂಟು ಸಡಿಲು ಮಾಡಿ ಕಟ್ಟಿಕೊಂಡರು. ನನ್ನ ಕೈಯಲ್ಲಿನ ತಾಟು ಅಲ್ಲೇ ನಿಂತಿತು.

ಅಂಗಳಕ್ಕೆ ಹೋಗಿ ಮನೆಯವರನ್ನು ಕೇಳಿದೆ, "ಏನ್ರಿ, ನೀವು ಅಳತಿ ತಗೊಂಡಿದ್ದು ಯಾವ ವಾರ?"

"ಸೋಮವಾರ."

"ತೊಡಿಸಿ ನೋಡಿದ್ದು?"

"ಅದೂ ಸೋಮವಾರ. ಯಾಕ?"

"ಉಪಾಸದ ಹೊಟ್ಟಿಗೆ ಅಳತಿ ತಗೊಂಡೀರಿ, ಹುಗ್ಗಿ ಉಂಡ ಹೊಟ್ಟಿಗೆ ಬಿಗದೀರಿ. ಉಸರ ಎಲ್ಲಿಂದ ಬರಬೇಕು?"

ಅವರು ನನ್ನ ಮುಖ ನೋಡಿದರು. ಆಮೇಲೆ ನಗಲಿಕ್ಕೆ ಶುರುವಾದವರು ನಿಲ್ಲಿಸಲೇ ಇಲ್ಲ. ಅತ್ತೆ ಒಳಗಿನಿಂದಲೇ ಅಂದರು, "ಶಿವನ ವಾರ ಹೊಟ್ಟಿ ಒಳಗ, ಉಳದ ವಾರ ಹೊರಗ. ಮದವ್ಯಾದಾಗಿಂದ ನೋಡಾಕತ್ತೇನಿ. ನನ್ನ ಒಂದ ಮಾತ ಕೇಳಬಾರದೇನು?"

ನಾನು ಸೆರಗು ಸರಿಮಾಡಿಕೊಂಡು ಮಾವನವರ ಮುಂದೆ ಹೋದೆ. "ಮಾವಾರ, ನಿಮ್ಮ ದಮ್ಮು ಮುಗದಿಲ್ರಿ. ಆ ಅಂಗಿ ಇನ್ನೂ ಉಪಾಸ ಅದ, ನೀವು ಉಂಡೀರಿ."

 ಹೊಟ್ಟೆಯ ಮೇಲೆ ಒಮ್ಮೆ ಕೈಯಾಡಿಸಿಕೊಂಡರು. "ಹಂಗಂತೀಯೇನು?" ಅಂದರು. ಆಮೇಲೆ, "ಮತ್ತ ಗೆಜ್ಜಿ ಕೊಡು."

ಮನೆಯವರು ಕೊಂಡಿ ಕಿತ್ತು, ಪಕ್ಕೆಗಳಲ್ಲಿ ನಾಲ್ಕು ಬೆರಳು ಜಾಗ ಬಿಟ್ಟು, ಚರ್ಮದ ಪಟ್ಟಿ ಮತ್ತು ಬಕ್ಕಲು ಹಾಕಿಸಿದರು. ಈ ಸಲ ಅಳತೆ ತೆಗೆದದ್ದು ಊಟ ಆದಮೇಲೆ, ಅದೂ ಹಾಡಿಸುತ್ತ. ಮಗ ಅಪ್ಪನ ಎರಡೂ ಪಕ್ಕೆಗೆ ಅಂಗೈ ಇಟ್ಟು ನಿಂತು, "ಇನ್ನ ಎಳೀರಿ, ಇನ್ನ ಎಳೀರಿ" ಅನ್ನುವುದು, ಅಪ್ಪ ಪದ ಎಳೆಯುವುದು. ಹಾಗೆ ಅವರಿಬ್ಬರೂ ಅಷ್ಟು ಹತ್ತಿರ ನಿಂತದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಯಾದಗಿರಿಗೆ ಹೋದ ದಿನ ಕಾರ್ತಿಕವಾದರೂ ಬಿಸಿಲು ಬೇಸಿಗೆಯದೇ. ಬಾಡಿಗೆ ಗಾಡಿಯಲ್ಲಿ ಭೀಮರಾಯನಗುಡಿ, ಶಹಾಪುರ ದಾಟಿ ಹೋಗುವಷ್ಟರಲ್ಲಿ ಕವಚ ಒಲೆಯ ಮೇಲಿನ ಹಂಚಿನ ಹಾಗೆ ಕಾದಿತ್ತು. ಒದ್ದೆ ಬಟ್ಟೆ ಹೊದಿಸಿ ತಣಿಸಿದೆ. ಇನ್ನೇನು ನಿಮ್ಮದೇ ಪಾಳಿ ಅಂದರೆಂದು ತೊಡಿಸಿಬಿಟ್ಟೆವು. ಆಮೇಲೆ ಭಾಷಣ, ಮತ್ತೆ ಭಾಷಣ. ಮಾವನವರು ವೇದಿಕೆಯ ಹಿಂದೆ ಬೇವಿನ ನೆರಳಿನಲ್ಲಿ ನಿಂತೇ ಇದ್ದರು. ಕೂರುವಂತಿಲ್ಲ, ಒರಗುವಂತಿಲ್ಲ.

"ಒಂದಕ್ಕ ಹೋಗಬೇಕಾಗಿತ್ತು," ಅಂದರು ಮೆಲ್ಲಗೆ.

"ಹೋಗ್ರಿ. ಬಿಚ್ಚಾಕೊಂದು ದಂಡು, ಕಟ್ಟಾಕೊಂದು ದಂಡು ಕಳಸತೀನಿ," ಅಂದರು ಅತ್ತೆ. ಆದರೂ ಒದ್ದೆ ಸೆರಗಿನಿಂದ ಅವರ ಕೊರಳು ಒರೆಸುತ್ತಲೇ ಇದ್ದರು.

ಒಂದು ತಾಸು ಅಂದದ್ದು ಅರ್ಧ ತಾಸಾಯಿತು. ಕರೆದರು. ರಂಗ ಹತ್ತುವ ಮುಂಚೆ ಅಡ್ಡಬೀಳುವುದು ಮಾವನವರ ಪದ್ಧತಿ. ಬಗ್ಗಿದರೆ ಏಳುವಂತಿಲ್ಲ. ಮನೆಯವರೇ ಮೆಟ್ಟಿಲಿನ ಧೂಳು ತೆಗೆದು ಅವರ ಹಣೆಗೆ ಹಚ್ಚಿದರು.

ನಾನೂ ಅತ್ತೆಯೂ ಓಡಿಬಂದು ಮುಂದೆ ಹೆಂಗಸರ ಕಡೆ ಕೂತೆವು. ಬಿಸಿಲು ಬಿದ್ದ ಉಕ್ಕು ಕಣ್ಣು ಕುಕ್ಕುತ್ತಿತ್ತು. ಜನ ಮೊಬೈಲು ಎತ್ತಿದರು. ಮೊದಲ ಸಾಲು ಬಂತು. ಎರಡನೆಯ ಸಾಲಿನ ನಡುವೆ ಆ ಜಾಗ ಬಂದಾಗ ಅತ್ತೆ ನನ್ನ ಮಣಿಕಟ್ಟು ಹಿಡಿದರು, ಬಳೆ ಒತ್ತಿ ನೋಯುವಷ್ಟು. ಪಕ್ಕೆಯಲ್ಲಿನ ಸಂದು ಇನ್ನೂ ಒಂದು ಬೆರಳು ಅಗಲವಾದದ್ದು ನಾನು ಕೂತಲ್ಲಿಂದಲೇ ಕಂಡೆ. ಒಳಗಿನ ಕೌದಿಯ ಹಸಿರು ಸೀರೆಯ ಬಣ್ಣ ಇಣುಕಿತು. ದನಿ ಹರಿಯಲಿಲ್ಲ. ಮೂರನೆಯ ಸಾಲು, ಆಮೇಲೆ ಕೊನೆಯ ಎಳೆತ. ಎಳೆದರು, ಎಳೆದರು. ಕೊನೆಗೆ ದನಿ ಸ್ವಲ್ಪ ನಡುಗಿತು, ಸುಳ್ಳು ಯಾಕೆ ಹೇಳಲಿ. ಆದರೆ ಅವರಾಗಿಯೇ ಇಳಿಸುವ ತನಕ ಕೆಳಗೆ ಬೀಳಲಿಲ್ಲ. "ಶಿವಾ" ಅಂದೆ. ಆ ಹೊತ್ತಿಗೆ ಬೇರೆ ಮಂತ್ರ ಬಾಯಿಗೆ ಬರಲಿಲ್ಲ.

ನಾವು ವೇದಿಕೆಯ ಹಿಂದಕ್ಕೆ ಓಡಿಬರುವಷ್ಟರಲ್ಲಿ ಮಾವನವರು ಪದ ಮುಗಿಸಿ ಇಳಿದುಬಂದು, "ಬಿಚ್ಚು" ಅಂದರು ಮಗನಿಗೆ. ಕೌದಿ ಅಂಗಿ ಹಿಂಡಿದರೆ ನೀರು ಬೀಳುವಷ್ಟು ನೆನೆದಿತ್ತು. ತಂಬಿಗೆ ನೀರು ಒಂದೇ ಉಸಿರಿಗೆ ಕುಡಿದು, ಉಳಿದ ಪದಗಳನ್ನು ಹಾಡಲು ಆ ತರುಣನನ್ನೇ ಮುಂದೆ ತಳ್ಳಿದರು. "ಹೋಗಪಾ. ನಂದು ಆತು."

ಈಗ ಆ ತರುಣ ವಾರಕ್ಕೊಮ್ಮೆ ಸಂಜೆ ನಮ್ಮ ಅಂಗಳಕ್ಕೆ ಬರುತ್ತಾನೆ, ಕವಚ ತೊಟ್ಟು ಹಾಡುವುದನ್ನು ಕಲಿಯಲಿಕ್ಕೆ. ಮೊದಲ ದಿನ ಕಾಲು ಜಾರಿ ಹಂಚಿನ ಗಾಡಿ ಉರುಳಿದಂತೆ ಸದ್ದು ಮಾಡಿ ಬಿದ್ದ. ಮಾವನವರು ಕಟ್ಟೆಯ ಮೇಲೆ ಕೂತು ನಕ್ಕು ನಕ್ಕು ಕಣ್ಣೊರೆಸಿಕೊಂಡರು.

"ಎದಿ ಉಬ್ಬಸಬ್ಯಾಡ ತಮ್ಮಾ. ಅಲ್ಲಿ ಕಬ್ಬಿಣ ಅದ, ಅದು ಬಿಡಂಗಿಲ್ಲ. ಉಸರ ಕೆಳಗಿಂದ ತಗೋ, ಬೆನ್ನಿಗೆ ಹೋಗಲಿ."

ಅವನು ಎತ್ತುತ್ತಾನೆ, ಹರಿಯುತ್ತದೆ. ಮಾವನವರು ಕೂತಲ್ಲಿಂದಲೇ, ಬರೀ ಬನಿಯನ್ನಿನಲ್ಲಿ, ಆ ಸಾಲನ್ನು ಹಾಡಿ ತೋರಿಸುತ್ತಾರೆ. ನಾನು ಒಳಗೆ ರೊಟ್ಟಿ ಬಡಿಯುತ್ತ ಕೇಳುತ್ತೇನೆ. ಅವನು ಮತ್ತೆ ಎತ್ತುತ್ತಾನೆ.