ಬಾನೆಟ್ಟಿನ ಮೇಲೆ ಮೂರು ಬಡಿತ

ಸತ್ತವರು ಕರೆಯುತ್ತಾರೆ ಎಂದು ಯಾರಾದರೂ ಹೇಳಿದರೆ ಒಳಗೊಳಗೇ ನಗುತ್ತಿದ್ದವಳು ನಾನು. ಓದಿದ್ದು ಊರಿನ ಶಾಲೆಯಲ್ಲಿ ಏಳನೇ ಕ್ಲಾಸು. ಆದರೂ ಅಂಥದ್ದನ್ನು ನಂಬಿದವಳಲ್ಲ. ಅದಿತಿ, ನಿನಗೂ ನಿನ್ನ ತಮ್ಮನಿಗೂ ಇದನ್ನು ಬರೆದಿಡುತ್ತಿದ್ದೇನೆ. ಬಾಯಿಬಿಟ್ಟು ಹೇಳಲು ನನಗೆ ಇನ್ನೂ ನಾಚಿಕೆ.

ನಿಮ್ಮ ಅಜ್ಜ ಇಲ್ಲಿ ಗಲ್ಫಿನಲ್ಲಿ, ರಾಸ್ ಅಲ್ ಖೋರಿನ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್ ಆಗಿದ್ದರು. ನಾಲ್ಕು ಜನರ ಎದುರು ಹೆಂಡತಿಯ ಹೆಸರು ಕೂಗಲು ಅವರಿಗೆ ಸಂಕೋಚ. ಎಲ್ಲಿಗಾದರೂ ಹೊರಡುವಾಗ ಕೆಳಗೆ ನಿಂತು ಪಿಕಪ್ಪಿನ ಬಾನೆಟ್ಟಿಗೆ ಸ್ಪ್ಯಾನರಿನಿಂದ ಬಡಿಯುತ್ತಿದ್ದರು. ಎರಡು ಬಡಿತ, ಸ್ವಲ್ಪ ತಡೆದು ಮತ್ತೊಂದು. ನಾನು ಕಿಟಕಿಯಿಂದ "ಬಂದೆ" ಎನ್ನುತ್ತಿದ್ದೆ. ನಿನ್ನ ಅಪ್ಪ ಆಗ ಊರಿನ ಹಾಸ್ಟೆಲಿನಲ್ಲಿ ಓದುತ್ತಿದ್ದ. ಈ ಬಡಿತ ನಮ್ಮಿಬ್ಬರಿಗೇ ಗೊತ್ತಿದ್ದ ವಿಷಯ.

ಅಜ್ಜ ತೀರಿಕೊಂಡು ಆರನೆಯ ವರ್ಷ, ಈದ್ ರಜೆಗೆ ಅಪ್ಪ ಆಫ್ರಿಕಾದ ಒಂದು ಚಿಕ್ಕ ರಾಷ್ಟ್ರೀಯ ಉದ್ಯಾನಕ್ಕೆ ಟಿಕೆಟ್ ಮಾಡಿಸಿದ. ನಿನಗೆ ಐದು ವರ್ಷ, ತಮ್ಮ ಹುಟ್ಟಿರಲಿಲ್ಲ. ಅಲ್ಲಿಗೆ ಹೋದ ಎರಡನೆಯ ದಿನವೇ ಅಜ್ಜನ ತಿಥಿ. ಹೇಳಿದರೆ ಪ್ರವಾಸ ನಿಂತೀತೆಂದು ಸುಮ್ಮನಿದ್ದೆ. ಮಿರ್ದಿಫಿನ ನಮ್ಮ ಮನೆಯಲ್ಲಿ ಆ ದಿನ ಕಾಂಪೌಂಡಿನ ಮೇಲೆ ಕಾಗೆಗೆ ಇಟ್ಟ ಮೇಲೆಯೇ ನಾನು ಉಣ್ಣುವುದು. ಹಾಗಾಗಿ ಡಬ್ಬಿಯಲ್ಲಿ ಬೆಲ್ಲದ ಅವಲಕ್ಕಿ ಹಿಡಿದುಕೊಂಡೇ ವಿಮಾನ ಹತ್ತಿದೆ.

ಜಾಗ ಚೆಂದವಿತ್ತು. ಒಣಗಿದ ಹುಲ್ಲು, ದೂರದಲ್ಲಿ ನೀಲಿ ಗುಡ್ಡ. ಜಿರಾಫೆ ಕಂಡು ನೀನು ಸೀಟಿನ ಮೇಲೆಯೇ ಕುಣಿದೆ. ಮಧ್ಯಾಹ್ನ ಊಟಕ್ಕೆ ಇಳಿಯಲು ಬಿಡುವ ಬಯಲಿನಲ್ಲಿ ಡ್ರೈವರ್ ವ್ಯಾನ್ ನಿಲ್ಲಿಸಿ, ಯಾರೂ ದೂರ ಹೋಗಬಾರದು ಎಂದ.

"ಅಮ್ಮ, ಕೇಳಿತಲ್ಲ? ಇದು ಮಿರ್ದಿಫಿನ ಪಾರ್ಕ್ ಅಲ್ಲ ಮತ್ತೆ," ಎಂದು ಅಪ್ಪ ನಕ್ಕ.

ನಿನ್ನ ಅಪ್ಪ, ನಿನ್ನ ಅಮ್ಮ, ಡ್ರೈವರ್ ಮರದಡಿ ಊಟಕ್ಕೆ ಕೂತಾಗ ನಾನು ಕೈ ತೊಳೆಯುವ ನೆಪದಲ್ಲಿ ವ್ಯಾನಿನ ಆಚೆ ಹೋದೆ. ಮೂವತ್ತು ಹೆಜ್ಜೆ ದೂರದ ಬಂಡೆಯ ಮೇಲೆ ಅವಲಕ್ಕಿ ಇಟ್ಟೆ. ತಿರುಗಿದರೆ ನೀನು ಹಿಂದೆಯೇ ನಿಂತಿದ್ದೆ. ಕಾಗೆ ಮುಟ್ಟದೆ ಹೇಗೆ ಹೋಗುವುದೆಂದು ನಿನ್ನ ಕೈ ಹಿಡಿದು ಕಾದೆ. ಕಾಗೆ ಇಲ್ಲ. ಒಂದು ಹಕ್ಕಿಯ ದನಿಯೂ ಇಲ್ಲ. ಬಂಡೆಯ ಹಿಂದೆ ಎದೆಯೆತ್ತರದ ಹುಲ್ಲು. ಗಾಳಿ ನಿಂತಿತ್ತು, ಆದರೂ ಹುಲ್ಲು ಒಂದು ಕಡೆ ಅಲುಗಿದಂತಾಯಿತು.

ಆಗ ಹಿಂದಿನಿಂದ ಕೇಳಿತು. ತಗಡಿನ ಮೇಲೆ ಕಬ್ಬಿಣ. ಎರಡು ಬಡಿತ, ಸ್ವಲ್ಪ ತಡೆದು ಮತ್ತೊಂದು.

"ಬಂದೆ" ಎಂದುಬಿಟ್ಟೆ. ನಿನ್ನನ್ನು ಎಳೆದುಕೊಂಡು ದಡದಡನೆ ನಡೆದೆ. ವ್ಯಾನಿನ ಹತ್ತಿರ ಯಾರೂ ಇರಲಿಲ್ಲ. ಮೂವರೂ ಮರದಡಿಯಲ್ಲೇ ಇದ್ದರು. ಅಷ್ಟರಲ್ಲಿ ಡ್ರೈವರ್ ತಟ್ಟೆ ಎಸೆದು ಎದ್ದ. ಎಲ್ಲರನ್ನೂ ಒಳಗೆ ನೂಕಿ ಬಾಗಿಲು ಎಳೆದ. ಗಾಜಿನಲ್ಲಿ ನೋಡಿದೆ. ನಾವು ನಿಂತಿದ್ದಲ್ಲೇ ಒಂದು ಸಿಂಹಿಣಿ ಬಂಡೆಯನ್ನು ಮೂಸುತ್ತಿತ್ತು.

"ಅಮ್ಮ, ನಿನಗೇನು ಮರ್ಲಾ? ಮಗುವನ್ನು ಕರಕೊಂಡು..." ಅಪ್ಪ ಅತ್ತುಬಿಟ್ಟ.

ಬಾನೆಟ್ಟಿಗೆ ಬಡಿದದ್ದು ಯಾರು ಎಂದು ಕೇಳಿದೆ. ಅವರಾರಿಗೂ ಸದ್ದೇ ಕೇಳಿಸಿರಲಿಲ್ಲ. ಬಿಸಿ ಎಂಜಿನ್ ತಣಿಯುವಾಗ ಹಾಗೆ ಸದ್ದು ಬರುತ್ತದೆ ಎಂದ ಡ್ರೈವರ್. ಇರಬಹುದು. ನನ್ನ ಕಿವಿಯ ಭ್ರಮೆ ಎಂದರೂ ಒಪ್ಪಿಕೊಳ್ಳುತ್ತಿದ್ದೆ. ಆದರೆ ಆ ಸಂಜೆ ನೀನು ಮಂಚದ ಮೇಲೆ ಕೂತು ಬೆರಳಿನ ಗಿಣ್ಣಿನಿಂದ ಹಲಗೆಗೆ ಬಡಿದೆ. ಎರಡು, ಸ್ವಲ್ಪ ತಡೆದು ಒಂದು.

"ಅಜ್ಜಿ, ಹೂ ವಾಸ್ ಇಟ್?" ಎಂದೆ. ಅಜ್ಜನನ್ನು ನೀನು ನೋಡಿದವಳೇ ಅಲ್ಲ.

ಅದು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ಮಗಾ. ಆ ಸದ್ದು ಆಗದಿದ್ದರೆ ಕಾಗೆ ಬರುವವರೆಗೂ ನಿನ್ನ ಕೈ ಹಿಡಿದು ಅಲ್ಲೇ ನಿಂತಿರುತ್ತಿದ್ದೆ.