ಸೋಬರ್ ಹುಡುಗ

ನನಗೆ ಬಂದ ಸಂಬಂಧಗಳಲ್ಲಿ ಅಪ್ಪನಿಗೆ ಹಿಡಿಸಿದ್ದು ಬಿಂಡಿಗನವಿಲೆ ಕಡೆಯ ಹುಡುಗನದು. ನಾಗಮಂಗಲದಲ್ಲಿ ಲೈನ್‌ಮನ್ ಕೆಲಸ, ಊರಿನಲ್ಲಿ ಹೊಲ, ಕುರಿ. ನಾವು ಪಾಲಹಳ್ಳಿಯವರು, ಆ ಕಡೆ ನಮಗೆ ನೆಂಟರಿಲ್ಲ. ಹುಡುಗ ಕೆ.ಆರ್. ಪೇಟೆಯಲ್ಲಿ ಓದಿದ್ದ. ಅಲ್ಲಿ ಅವನಿಗೆ ಪಾಠ ಹೇಳಿ ಈಗ ನಿವೃತ್ತರಾಗಿದ್ದ ಹೆಡ್‌ಮಾಸ್ಟರರ ನಂಬರನ್ನು ಅಪ್ಪ ಹೇಗೋ ಸಂಪಾದಿಸಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿ ವಿಚಾರಿಸಿದರು.

“ಹುಡುಗ ವೆರಿ ಸೋಬರ್,” ಎಂದರು ಮೇಷ್ಟ್ರು. “ಅವರ ತಂದೆಯೂ ಸೋಬರ್. ಧೈರ್ಯವಾಗಿ ಕೊಡಿ.”

ಅಪ್ಪ ನನ್ನ ಮುಖ ನೋಡಿದರು. ಪಾಂಡವಪುರದಲ್ಲಿ ಬಿ.ಕಾಂ. ಮುಗಿಸಿದ್ದ ನನ್ನದೇ ಮನೆಗೆಲ್ಲ ಇಂಗ್ಲಿಷು. “ಕುಡಿದಿಲ್ಲ ಅಂತ,” ಎಂದೆ. ಫೋನಿನಲ್ಲಿ ಹುಡುಕಿದರೂ ಅದೇ ಅರ್ಥ ಬಂತು.

ಅವರೆಕಾಯಿ ಬಿಡಿಸುತ್ತಿದ್ದ ಸೋದರತ್ತೆಯ ಕೈ ನಿಂತಿತು. ಕುಡಿದು ಹೊಡೆಯುತ್ತಿದ್ದ ಗಂಡನನ್ನು ಬಿಟ್ಟು, ನಾನು ಚಿಕ್ಕವಳಿದ್ದಾಗಲೇ ನಮ್ಮ ಮನೆಗೆ ಬಂದವಳು ಅವಳು.

“ನಾವು ಅದ ಕೇಳೇ ಇಲ್ವಲ್ಲಣ್ಣ. ಕಳ್ಳ ಅಲ್ಲ ಅಂತ ಯಾರಾರಾ ಸುಮ್‌ಸುಮ್ನೆ ಯೋಳ್ತಾರಾ? ಅಪ್ಪನ್ನೂ ಸೇರಿಸ್ಕಂಡು ಯೋಳ್ತಾವ್ರೆ ಅಂದ್ರೆ ಆ ಮನೇಲೇ ಏನೋ ಅದೆ.”

ಆಮೇಲೆ ಎಲ್ಲರಿಗೂ ಏನೇನೋ ನೆನಪಾಗತೊಡಗಿತು. ಹೆಣ್ಣು ನೋಡಲು ಬಂದಾಗ ಹುಡುಗ ಏಲಕ್ಕಿ ಅಗಿಯುತ್ತಿದ್ದ ಎಂದಳು ಅಮ್ಮ. ಕಣ್ಣು ಕೆಂಪಗಿದ್ದವು ಎಂದರು ಅಪ್ಪ. ಅವರು ಹುಡುಗನ ಊರ ಕಡೆಯ ಬೆಳ್ಳೂರು ಕ್ರಾಸಿನವರೆಗೂ ಹೋಗಿ, ಹೋಟೆಲು ಹೋಟೆಲಿನಲ್ಲಿ ಟೀ ಕುಡಿದು ವಿಚಾರಿಸಿ ಬಂದರು. ಯಾರೂ ಒಂದು ಕೆಟ್ಟ ಮಾತಾಡಿರಲಿಲ್ಲ.

“ಎಲ್ರೂ ಒಂದೇ ತರ ಒಳ್ಳೇವ್ನು ಅಂತಾರೆ. ಯೋಳ್ಕೊಟ್ಟಂಗದೆ,” ಎಂದರು.

ಕೊನೆಗೆ ಅಪ್ಪ, ಅತ್ತೆ, ನಾನು ಕೆ.ಆರ್. ಪೇಟೆಗೇ ಹೋದೆವು. ಸಂಗತಿ ಕೇಳಿ ಮೇಷ್ಟ್ರಿಗೆ ಸಿಟ್ಟೇ ಬಂತು. “ಕುಡಿತದ ಮಾತು ನಾನೆಲ್ಲಿ ಎತ್ತಿದೆ? ಸೋಬರ್ ಅಂದರೆ ಗಂಭೀರ ಸ್ವಭಾವದವನು, ಮಾತು ಕಡಿಮೆ ಅಂತ. ನಮ್ಮ ಕಾಲದಲ್ಲಿ ಬಟ್ಟೆಗೂ ಅನ್ನುತ್ತಿದ್ದೆವು, ಸೋಬರ್ ಕಲರ್ ಅಂತ.” ಸ್ವಲ್ಪ ತಣ್ಣಗಾಗಿ ಸೇರಿಸಿದರು: “ಹುಡುಗನ ತಾಯಿಯೂ ಅಷ್ಟೆ, ತುಂಬ ಹೋಮ್ಲಿ.”

“ಅಂಗಂದ್ರೇನವ್ವಾ?” ಅತ್ತೆ ನನ್ನ ಕಿವಿಯಲ್ಲಿ ಕೇಳಿದಳು. ಅಮೆರಿಕದವರ ಬಾಯಲ್ಲಿ ಅದು ‘ಅಂದಗೆಟ್ಟವಳು’ ಎಂದಾಗುತ್ತದೆಂದು ನನಗೆ ಗೊತ್ತಿತ್ತು. “ಮನೆ ಚೆನ್ನಾಗಿ ನೋಡ್ಕೊಳ್ಳೋರು ಅಂತ,” ಎಂದು ಫೋನನ್ನು ಬ್ಯಾಗಿನೊಳಗೆ ಹಾಕಿಕೊಂಡೆ.

ಬಸ್ಸಿನಲ್ಲಿ ಅತ್ತೆ, “ಮೇಷ್ಟ್ರು ಮಾತ ತಿರುಗಿಸ್ಬುಟ್ರು,” ಎಂದಳು. ಸುಳ್ಳೇಕೆ, ಅನುಮಾನ ನನಗೂ ಹೋಗಿರಲಿಲ್ಲ. ಮರುದಿನ ನಾನೇ ಹುಡುಗನಿಗೆ ಫೋನ್ ಮಾಡಿ, ನೀವು ಕುಡಿಯುತ್ತೀರಾ ಎಂದು ಕೇಳಿಬಿಟ್ಟೆ.

“ಕುಡೀತಿದ್ದೆ ಕಣ್ರೀ,” ಎಂದ. “ಕೆಲ್ಸಕ್ಕೆ ಸೇರಿದ ವೊಸದ್ರಲ್ಲಿ, ಜೊತೇವ್ರ ಕೂಡ. ಅವ್ರಲ್ಲೊಬ್ಬ ಕುಡ್ಕಂಡು ಕಂಬ ಅತ್ತಿ, ನನ್ ಕಣ್ಮುಂದೇನೇ ಬಿದ್ದೋದ. ಉಳೀನಿಲ್ಲ. ಅವತ್ಗೇ ಬುಟ್ಬುಟ್ಟೆ.”

“ಮೇಷ್ಟ್ರಿಗೆ ಇದು ಗೊತ್ತಾ?”

“ಇಲ್ಲ. ಮನೇವ್ರಿಗೂ ಗೊತ್ತಿಲ್ಲ. ನೀವು ಕೇಳುದ್ರಿ, ಯೋಳ್ದೆ.”

ಮೇಷ್ಟ್ರ ಮಾತಿನಲ್ಲಿ ಏನೂ ಅಡಗಿರಲಿಲ್ಲ. ಅತ್ತೆಯ ಅನುಮಾನವೂ ಪೂರ್ತಿ ಸುಳ್ಳಾಗಿರಲಿಲ್ಲ. ನಾನು ಅಪ್ಪನಿಗಿಂತ ಮೊದಲು ಅವಳಿಗೇ ಹೇಳಿದೆ.

“ಕೇಳ್ತಿದ್ದಂಗೆ ಒಪ್ಕಂಡ್ನಾ?”

“ಹೂಂ, ಕೇಳಿದ ತಕ್ಷಣ.”

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಅಂಗಾರೆ ನನ್ ಗಂಡ್ನಂಗಲ್ಲ ಬುಡು. ಅವ್ನು ಬಾಯಿ ನಾರ್ತಿದ್ರೂ ಕುಡ್ದೇ ಇಲ್ಲ ಅಂತಿದ್ದ.”

ಮದುವೆಯಾಯಿತು. ಮೊದಲ ವರ್ಷ ಸೋದರತ್ತೆ ಹೇಳದೆ ಕೇಳದೆ ನಾಗಮಂಗಲಕ್ಕೆ ಬರುತ್ತಿದ್ದಳು. ಸಂಜೆಯಾದರೆ ಬಾಗಿಲ ಬಳಿ ಕೂತು, ನನ್ನ ಗಂಡ ಒಳಗೆ ಬರುವಾಗ ಅವನ ನಡಿಗೆ ನೋಡುತ್ತಿದ್ದಳು. ಅವನಿಗೆ ಅದು ಗೊತ್ತಿತ್ತು. ಒಂದು ಸಂಜೆ ಅವನೇ ಕೇಳಿದ: “ಕೆಲ್ಸ ತಡ ಆಯ್ತದೆ ಅತ್ತೆ. ಕಾಯ್ಬ್ಯಾಡಿ, ಉಂಡ್ಕಳಿ ಅಂದ್ರೆ ಕೇಳಕಿಲ್ವಲ್ಲ ನೀವು?”

“ನೀನು ಕೈ ತೊಳ್ಕ ಬಾ,” ಎಂದು ಎದ್ದು, ಅವಳೇ ಅವನಿಗೂ ತನಗೂ ಮುದ್ದೆ ಬಡಿಸಿದಳು.